ಹಿಮ್ಮೇಳದ ಕೊರಳು

ರಾಗಿ ಬೀಸುವ ಕಲ್ಲಿನ ಎರಡು ಬದಿಗೆ ಇಬ್ಬರು ಹೆಂಗಸರು ಎದುರುಬದುರಾಗಿ ಕೂರುತ್ತಿದ್ದರು. ಗೂಟ ಒಂದೇ, ಹಿಡಿದ ಕೈ ಇಬ್ಬರದೂ. ಒಬ್ಬಾಕೆ ಎಳೆದಾಗ ಇನ್ನೊಬ್ಬಾಕೆ ತಳ್ಳಬೇಕು. ಹಾಡೂ ಹಾಗೆಯೇ ಸಾಗುತ್ತಿತ್ತು. ಒಬ್ಬಾಕೆ ಸಾಲು ಎತ್ತುತ್ತಾಳೆ, ಇನ್ನೊಬ್ಬಾಕೆ ಅದರ ಕೊನೆ ಹಿಡಿದು ಮುಂದಕ್ಕೆ ಒಯ್ಯುತ್ತಾಳೆ, ಅಷ್ಟರಲ್ಲಿ ಮೊದಲಿನವಳು ಉಸಿರು ತುಂಬಿಕೊಂಡು ಮುಂದಿನ ಸಾಲಿಗೆ ಅಣಿಯಾಗಿರುತ್ತಾಳೆ. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ತಾಲ್ಲೂಕುಗಳದು ಮುದ್ದೆ ಉಣ್ಣುವ ಸೀಮೆ. ಹಿಟ್ಟಿನ ಗಿರಣಿ ಊರಿಗೆ ಬರುವ ತನಕ ಬೆಳಗಿನ ಜಾವದ ಮೊದಲ ಕೆಲಸ ಬೀಸುವುದೇ ಆಗಿತ್ತು. ಕಲ್ಲಿಗೆ ಕೂತವರು ಅತ್ತೆ-ಸೊಸೆ, ತಾಯಿ-ಮಗಳು, ಓರಗಿತ್ತಿಯರು. ಅವರನ್ನು ಗಾಯಕಿಯರೆಂದು ಯಾರೂ ಕರೆಯಲಿಲ್ಲ. ಎರಡು ಕೊರಳು ಒಂದು ಪದವನ್ನು ಹೊರುವ ವಿದ್ಯೆ ಮಾತ್ರ ಅಲ್ಲಿ ದಿನಾ ತಪ್ಪದೆ ನಡೆಯುತ್ತಿತ್ತು.

ಆ ಎರಡನೆಯ ಕೊರಳಿಗೆ ಹಾಡಿನಲ್ಲಿ ಏನು ಕೆಲಸ? ಕನ್ನಡದ ಜಾನಪದ ವಿದ್ವತ್ತು ಈ ಪ್ರಶ್ನೆಯ ಸುತ್ತ ಹೆಚ್ಚು ಹೊತ್ತು ನಿಂತಿಲ್ಲ. ಪದಗಳ ಸಂಗ್ರಹ ಕಪಾಟು ತುಂಬ ಇದೆ. ಪದಗಳ ಸಾಹಿತ್ಯ, ಸಮಾಜ, ಪುರಾಣ, ಛಂದಸ್ಸು ಎಲ್ಲವೂ ಚರ್ಚೆಗೆ ಬಂದಿವೆ. ಪದ ಹೇಳುವಾಗ ಮುಂದಾಳಿನ ಹಿಂದೆ ನಿಂತ ಮೂವರೋ ನಾಲ್ವರೋ ಏನು ಮಾಡುತ್ತಾರೆ ಎಂಬುದು ಮಾತ್ರ ‘ಹಿಮ್ಮೇಳದವರು ಪುನರಾವರ್ತಿಸುತ್ತಾರೆ’ ಎಂಬ ಒಂದು ವಾಕ್ಯದಲ್ಲಿ ಮುಗಿದುಹೋಗುತ್ತದೆ. ಆ ಒಂದು ವಾಕ್ಯದೊಳಗೆ ಒಂದು ಇಡೀ ಕಲೆ ಮುಚ್ಚಿಹೋಗಿದೆ.

ಪಾಶ್ಚಾತ್ಯ ಸಂಗೀತದವರು ಹಾರ್ಮನಿ ಎನ್ನುವುದು ಒಂದೇ ಗಳಿಗೆಯಲ್ಲಿ ಬೇರೆ ಬೇರೆ ಸ್ವರಗಳು ಹೊಂದಿಕೊಂಡು ಮೊಳಗುವುದಕ್ಕೆ. ಒಬ್ಬ ಷಡ್ಜ ಹಿಡಿದರೆ ಇನ್ನೊಬ್ಬ ಗಾಂಧಾರ, ಮತ್ತೊಬ್ಬ ಪಂಚಮ. ಈ ಅಳತೆಗೋಲು ಹಿಡಿದು ಬಂದವರಿಗೆ ನಮ್ಮ ಹಳ್ಳಿಯ ಪದಗಳಲ್ಲಿ ಸಿಗುವುದು ಸೊನ್ನೆ. ಭಾರತೀಯ ಸಂಗೀತ ಏಕಸ್ವರದ ದಾರಿಯದು, ಇಲ್ಲಿ ಎಲ್ಲರೂ ಒಂದೇ ಧಾಟಿ ಹಾಡುತ್ತಾರೆ ಎಂದು ಬರೆದು ಅವರು ಪುಸ್ತಕ ಮುಚ್ಚುತ್ತಾರೆ. ಸೋಬಾನೆಯ ಎದುರು, ತತ್ವಪದದ ಮೇಳದ ಎದುರು ಒಂದು ರಾತ್ರಿ ಕೂತು ಕೇಳಿದವರಿಗೆ ಈ ತೀರ್ಮಾನ ಒಪ್ಪಿಗೆಯಾಗುವುದು ಕಷ್ಟ.

ಹೊರಗಿನ ಲೋಕದಲ್ಲಿ ಹಳ್ಳಿಗರ ಬಹುದನಿಯ ಹಾಡಿಕೆಗೆ ದೊಡ್ಡ ಹೆಸರಿದೆ. ಕಾಕಸಸ್ ಬೆಟ್ಟಗಳ ಜಾರ್ಜಿಯಾ ದೇಶದ ರೈತರು ಮೂರು ಎಳೆಗಳಲ್ಲಿ ಹಾಡುತ್ತಾರೆ. 1977ರಲ್ಲಿ ವಾಯೇಜರ್ ಗಗನನೌಕೆಗಳು ಹೊತ್ತೊಯ್ದ ಚಿನ್ನದ ಲೇಪದ ಧ್ವನಿತಟ್ಟೆಯಲ್ಲಿ ಆ ನಾಡಿನ ಹಾಡೊಂದಿದೆ, ನಮ್ಮ ಕೇಸರಬಾಯಿ ಕೇರ್ಕರ್ ಅವರ ಹಾಡಿಕೆಯೂ ಇದೆ. 2001ರಲ್ಲಿ ಯುನೆಸ್ಕೊ ಜಾರ್ಜಿಯಾದ ಹಾಡಿಕೆಯನ್ನು ಮಾನವಕುಲದ ಪರಂಪರೆಯೆಂದು ಸಾರಿತು. ಅಮೆರಿಕದ ದಕ್ಷಿಣ ಭಾಗದಲ್ಲಿ 1844ರಲ್ಲಿ ಅಚ್ಚಾದ ‘ಸೇಕ್ರೆಡ್ ಹಾರ್ಪ್’ ಎಂಬ ಸ್ತುತಿಗೀತೆಗಳ ಪುಸ್ತಕ ಹಿಡಿದು ಹಳ್ಳಿಗರು ಚೌಕಾಕಾರವಾಗಿ ಒಳಮುಖ ಮಾಡಿ ಕೂತು ನಾಲ್ಕು ಎಳೆಗಳಲ್ಲಿ ಹಾಡುವ ಪದ್ಧತಿ ಈಗಲೂ ಉಳಿದಿದೆ. ಅಲ್ಲಿ ಕೇಳುಗರಿಗೆಂದು ಬೇರೆ ಜಾಗವಿಲ್ಲ, ಬಂದವರೆಲ್ಲ ಹಾಡುವವರೇ. ಆ ವಾತಾವರಣದಲ್ಲಿ ಬೆಳೆದ ಅಲಬಾಮಾದ ಲೂವಿನ್ ಸಹೋದರರು ಒಂದೇ ಹಾಡಿನ ನಡುವೆ ಮೇಲಿನ ಎಳೆ, ಕೆಳಗಿನ ಎಳೆಗಳನ್ನು ಕೇಳುಗರಿಗೆ ತಿಳಿಯದಂತೆ ಅದಲುಬದಲು ಮಾಡಿಕೊಳ್ಳುತ್ತಿದ್ದರು.

ಅಮೆರಿಕದ ಕಂಟ್ರಿ ಸಂಗೀತದ ಚರಿತ್ರೆ ಬರೆಯುವವರು ತಪ್ಪದೆ ನೆನೆಯುವ ಊರು ಟೆನೆಸಿಯ ಬ್ರಿಸ್ಟಲ್. 1927ರಲ್ಲಿ ರಾಲ್ಫ್ ಪಿಯರ್ ಎಂಬಾತ ಅಲ್ಲಿ ಧ್ವನಿಮುದ್ರಣದ ಯಂತ್ರ ಹೂಡಿದಾಗ ವರ್ಜೀನಿಯಾದ ಗುಡ್ಡಗಾಡಿನಿಂದ ಕಾರ್ಟರ್ ಕುಟುಂಬದ ಮೂವರು ಇಳಿದು ಬಂದರು. ಸಾರಾ ಮುಂದಾಳು, ಮೇಬೆಲ್ ಗಿಟಾರ್ ಹಿಡಿದು ದನಿಗೂಡಿಸುವವಳು, ಸಾರಾಳ ಗಂಡ ಎ.ಪಿ. ಕಾರ್ಟರ್ ನಡುನಡುವೆ ಕೆಳದನಿ ಸೇರಿಸುವವನು. ಮೇಬೆಲ್ ಮದುವೆಯಾದದ್ದು ಎ.ಪಿ.ಯ ತಮ್ಮನನ್ನು. ಅಂದರೆ ಆ ನಾಡಿನ ಸಂಗೀತದ ಮೊದಲ ಹೆಸರಾಂತ ಜೋಡಿದನಿ ಇಬ್ಬರು ಓರಗಿತ್ತಿಯರದು. ಒಂದೇ ಮನೆತನದಲ್ಲಿ ದಿನವೂ ಮಾತಾಡಿ, ಜಗಳಾಡಿ, ಕೆಲಸ ಮಾಡಿ ಪಳಗಿದ ಕೊರಳುಗಳು ಎಲ್ಲಿ ಉಸಿರೆಳೆಯಬೇಕು, ಯಾವ ಅಕ್ಷರವನ್ನು ಎಳೆಯಬೇಕು ಎಂಬುದನ್ನು ಕೇಳಿ ಕಲಿಯಬೇಕಾಗಿಲ್ಲ. ದೊಡ್ಡಬಳ್ಳಾಪುರದ ಬೀಸುವ ಕಲ್ಲಿಗೂ ಬ್ರಿಸ್ಟಲ್ಲಿನ ಯಂತ್ರಕ್ಕೂ ಸಂಬಂಧವಿಲ್ಲದಿರಬಹುದು, ಆದರೆ ಎರಡೂ ಕಡೆ ಹಾಡನ್ನು ಕೂಡಿಸಿದ್ದು ಮನೆತನವೇ.

ಇಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ನಾಗಾಲ್ಯಾಂಡಿನ ಫೇಕ್ ಜಿಲ್ಲೆಯಲ್ಲಿ ಚೋಕ್ರಿ ಮಾತಾಡುವ ರೈತರು ಮೆಟ್ಟಿಲು ಗದ್ದೆಗಳಲ್ಲಿ ನಾಟಿ ಮಾಡುತ್ತ, ಕಳೆ ಕೀಳುತ್ತ ಎರಡು ಮೂರು ಎಳೆಗಳಲ್ಲಿ ಹಾಡುತ್ತಾರೆ. ಅನುಷ್ಕಾ ಮೀನಾಕ್ಷಿ ಮತ್ತು ಈಶ್ವರ್ ಶ್ರೀಕುಮಾರ್ 2017ರಲ್ಲಿ ತೆರೆಗೆ ತಂದ ಸಾಕ್ಷ್ಯಚಿತ್ರದಲ್ಲಿ ಅದನ್ನು ನೋಡಬಹುದು. ಭಾರತದ ಸಂಗೀತವೆಂದರೆ ಏಕಸ್ವರ ಎಂಬ ಮಾತು ಅಲ್ಲೇ ಬಿದ್ದುಹೋಗುತ್ತದೆ.

ಬಯಲುಸೀಮೆಯ ಕನ್ನಡ ಪದ ಹಿಡಿದದ್ದು ಬೇರೆ ದಾರಿ. ಇಲ್ಲಿ ಎಲ್ಲದಕ್ಕೂ ಮೊದಲು ಶ್ರುತಿ. ತಂಬೂರಿಯೋ ಏಕತಾರಿಯೋ ಬಿಡದೆ ಮೀಟುವ ಒಂದು ಸ್ವರ ನೆಲದಂತೆ ಕೆಳಗೆ ಹಾಸಿರುತ್ತದೆ. ಅದರ ಮೇಲೆ ಧಾಟಿ ನಡೆದಾಡುತ್ತದೆ. ಧಾಟಿಯ ಪ್ರತಿ ಹೆಜ್ಜೆಯೂ ಶ್ರುತಿಯೊಂದಿಗೆ ಒಂದು ಜೋಡಿಸ್ವರವಾಗಿ ಕಿವಿಗೆ ಬೀಳುವುದರಿಂದ ಮೂರನೆಯ ಸ್ವರದ ಹಸಿವು ಹಾಡುವವರಿಗೆ ಕಾಣಿಸಲಿಲ್ಲ. ಗಂಡಸರು ಹೆಂಗಸರು ಒಟ್ಟಿಗೆ ಹಾಡಿದಾಗ ಹೆಣ್ಣುದನಿ ಒಂದು ಸ್ಥಾಯಿ ಮೇಲೆ ತಾನಾಗಿಯೇ ಏರುತ್ತದೆ. ಮುಂದಾಳಿನ ಎತ್ತರ ತಲುಪಲಾರದ ಮುದಿ ಕೊರಳು ಕೆಳಗಿನ ಸ್ಥಾಯಿಗೆ ಇಳಿಯುತ್ತದೆ, ಕೆಲವೊಮ್ಮೆ ಪಂಚಮದಲ್ಲಿ ನೆಲೆ ನಿಲ್ಲುತ್ತದೆ. ಯಾರೂ ಹೀಗೆ ಹಾಡೆಂದು ಹೇಳಿಕೊಟ್ಟಿರುವುದಿಲ್ಲ.

ಆದರೂ ಈ ಸೀಮೆಯ ಹಾಡಿಕೆಯ ನಿಜವಾದ ಚೆಲುವು ಇರುವುದು ಸಾಲು ಕೈ ಬದಲಾಯಿಸುವ ಜಾಗದಲ್ಲಿ. ಮುಂದಾಳು ಪದದ ಸಾಲು ಮುಗಿಸುವ ಮೊದಲೇ ಹಿಮ್ಮೇಳ ಸೊಲ್ಲು, ಅಂದರೆ ಮರಳಿ ಮರಳಿ ಬರುವ ಪಲ್ಲವಿ, ಹಿಡಿಯುತ್ತದೆ. ಹಿಮ್ಮೇಳ ಸೊಲ್ಲಿನ ಕೊನೆಯ ಅಕ್ಷರವನ್ನು ಎಳೆಯುತ್ತಿರುವಾಗಲೇ ಮುಂದಾಳು ಮುಂದಿನ ಸಾಲಿಗೆ ಎಗರುತ್ತಾನೆ. ಹಿಮ್ಮೇಳದ ಷಡ್ಜ ಇನ್ನೂ ಗಾಳಿಯಲ್ಲಿ ಇದೆ, ಮುಂದಾಳು ಆಗಲೇ ಮಧ್ಯಮಕ್ಕೋ ಪಂಚಮಕ್ಕೋ ತಲುಪಿದ್ದಾನೆ. ಆ ಅರೆಗಳಿಗೆ ಎರಡು ಸ್ವರಗಳು ಒಟ್ಟಿಗೆ ಮೊಳಗುತ್ತವೆ. ಜಾರ್ಜಿಯಾದ ಹಾಡಿನಲ್ಲಿ ಉದ್ದಕ್ಕೂ ಇರುವುದು ಇಲ್ಲಿ ಸಾಲು ಸಾಲಿಗೆ ಮಿಂಚಿ ಮರೆಯಾಗುತ್ತದೆ. ಪದದ ಧಾಟಿಗಳು ಬಹುಪಾಲು ನಾಲ್ಕೈದು ಸ್ವರಗಳ ಒಳಗೇ ಸುತ್ತುವುದರಿಂದ ಈ ಮೇಲುಬೀಳುವಿಕೆ ಕಿವಿಗೆ ಒರಟಾಗುವುದಿಲ್ಲ. ಒಳ್ಳೆಯ ಮೇಳವನ್ನೂ ಸಾಧಾರಣ ಮೇಳವನ್ನೂ ಬೇರೆ ಮಾಡುವುದು ಇದೇ. ಸಾಧಾರಣ ಮೇಳದಲ್ಲಿ ಎರಡು ಸಾಲಿನ ನಡುವೆ ಸಂದು ಬೀಳುತ್ತದೆ. ಪಳಗಿದ ಮೇಳದಲ್ಲಿ ಇಡೀ ರಾತ್ರಿ ಸೊಲ್ಲು ನೆಲಕ್ಕೆ ಬೀಳುವುದಿಲ್ಲ.

ಇದಕ್ಕೆ ಛಂದಸ್ಸಿನಲ್ಲೇ ಸಾಕ್ಷಿಯಿದೆ. ತ್ರಿಪದಿ ಕನ್ನಡದ ಅತಿ ಹಳೆಯ ಹಾಡುಗಬ್ಬ, ಬಾದಾಮಿಯ ಕಪ್ಪೆ ಅರಭಟ್ಟನ ಶಾಸನದಲ್ಲೇ ಅದು ಸಿಗುತ್ತದೆ. 12ನೇ ಶತಮಾನದಲ್ಲಿ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ‘ಮಾನಸೋಲ್ಲಾಸ’ದಲ್ಲಿ ತ್ರಿಪದಿಯನ್ನು ಧಾನ್ಯ ಕುಟ್ಟುವ ಕೆಲಸದ ಹಾಡೆಂದು ಗುರುತಿಸಿದ್ದಾನೆ. ಒನಕೆಯಾದರೂ ಬೀಸುವ ಕಲ್ಲಾದರೂ ಅದು ಜೋಡಿ ಕೆಲಸ. ಬರೆದಾಗ ಮೂರು ಸಾಲಿರುವ ತ್ರಿಪದಿ ಹಾಡಿದಾಗ ನಾಲ್ಕಾಗುತ್ತದೆ, ಏಕೆಂದರೆ ಎರಡನೆಯ ಸಾಲಿನ ಒಂದು ಭಾಗ ಮತ್ತೆ ಬರುತ್ತದೆ. ಛಂದಶ್ಶಾಸ್ತ್ರದವರು ಇದನ್ನು ಲಯದ ತುಂಬಿಕೆ ಎಂದು ವಿವರಿಸುತ್ತಾರೆ. ಕಲ್ಲಿನ ಮುಂದೆ ಕೂತವರಿಗೆ ಅದು ಇನ್ನೊಬ್ಬಳು ಒಳಗೆ ಬರುವ ಬಾಗಿಲು. ಮತ್ತೆ ಬರುವ ಆ ಭಾಗದಲ್ಲೇ ಎರಡನೆಯ ಕೊರಳು ಸೇರಿಕೊಳ್ಳುವುದು.

ಮುದ್ರಣ ಈ ಬಾಗಿಲನ್ನು ಮುಚ್ಚಿತು. ಚಾರ್ಲ್ಸ್ ಗೋವರ್ 1871ರಲ್ಲಿ ದಕ್ಷಿಣ ಭಾರತದ ಜನಪದ ಹಾಡುಗಳ ಪುಸ್ತಕ ತಂದಾಗ ಕನ್ನಡದ ಹಾಡುಗಳೂ ಅದರಲ್ಲಿ ಸೇರಿದವು. ಜೆ.ಎಫ್. ಫ್ಲೀಟ್ 1885ರಿಂದ ‘ಇಂಡಿಯನ್ ಆಂಟಿಕ್ವೆರಿ’ಯಲ್ಲಿ ಸಂಗೊಳ್ಳಿ ರಾಯಣ್ಣನಂಥವರ ಲಾವಣಿಗಳನ್ನು ಪ್ರಕಟಿಸಿದ. ಹಲಸಂಗಿಯ ಗೆಳೆಯರ ‘ಗರತಿಯ ಹಾಡು’ 1931ರಲ್ಲಿ ಬಂತು, ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಹಳ್ಳಿಯ ಹಾಡುಗಳು’ ಹಿಂಬಾಲಿಸಿತು. ಈ ಹಿರಿಯರ ಋಣ ದೊಡ್ಡದು. ಅವರು ಬರೆದಿಡದಿದ್ದರೆ ಎಷ್ಟೋ ಪದಗಳು ಹೇಳಿದವರ ಜೊತೆಗೇ ಮಣ್ಣಾಗುತ್ತಿದ್ದವು. ಆದರೆ ಕಾಗದ ಉಳಿಸಿಕೊಳ್ಳಬಲ್ಲದ್ದು ಮಾತನ್ನು. ಸೊಲ್ಲನ್ನು ಮೊದಲ ಪದ್ಯದ ಕೆಳಗೆ ಒಮ್ಮೆ ಬರೆದು ಉಳಿದ ಕಡೆ ಚುಕ್ಕಿ ಇಡುವುದು ರೂಢಿಯಾಯಿತು. ಚುಕ್ಕಿಗಳಾಗಿ ಉಳಿದದ್ದು ಹಿಮ್ಮೇಳ. ಓದುವವರ ಮನಸ್ಸಿನಲ್ಲಿ ಜನಪದ ಗೀತೆ ಒಬ್ಬಳೇ ಗರತಿಯ ಒಂಟಿ ಅಳಲಾಗಿ ನೆಲೆಯೂರಲು ಇದೂ ಒಂದು ಕಾರಣ. ಒಂಟಿಯಾಗಿ ಹಾಡಿದ ಪದಗಳು ಇಲ್ಲವೆಂದಲ್ಲ, ತೊಟ್ಟಿಲು ತೂಗುವಾಕೆ ಒಬ್ಬಳೇ. ಮಿಕ್ಕ ಬಹುಪಾಲು ಪದಗಳು ಗುಂಪಿನವು.

ಬೆಂಗಳೂರು ಗ್ರಾಮಾಂತರದ ನಾಲ್ಕು ತಾಲ್ಲೂಕುಗಳಲ್ಲಿ ಈ ಗುಂಪು ಹಾಡಿಕೆ ಯಾವ ಯಾವ ರೂಪದಲ್ಲಿದೆ ಎಂದು ನೋಡಿದರೆ ಮೊದಲು ಎದುರಾಗುವುದು ಸೋಬಾನೆ. ಚಪ್ಪರ ಹಾಕುವಾಗ, ಅರಿಶಿನ ಹಚ್ಚುವಾಗ, ಹಸೆಗೆ ಕರೆಯುವಾಗ, ಹೆಣ್ಣು ಒಪ್ಪಿಸುವಾಗ ಒಂದೊಂದಕ್ಕೂ ಬೇರೆ ಪದ. ಹೆಂಗಸರು ಎರಡು ಪಾಳಿಯಾಗಿ ಕೂರುತ್ತಾರೆ. ಪದ ಬಲ್ಲ ಹಿರಿಯಳು ಒಂದು ಪಾಳಿಯ ಮುಂದಾಳು, ಅವಳ ಪಕ್ಕ ಒಬ್ಬಳೋ ಇಬ್ಬರೋ ಆಸರೆಯ ದನಿಗಳು. ಎದುರು ಪಾಳಿ ಸಾಲನ್ನು ಹಿಂತಿರುಗಿಸುತ್ತದೆ. ಇದರಿಂದ ದಣಿವು ಹಂಚಿಹೋಗುತ್ತದೆ, ಮುಂದಾಳಿಗೆ ಮುಂದಿನ ಸಾಲು ನೆನೆಯಲು ಹೊತ್ತು ಸಿಗುತ್ತದೆ. ಪದ ಗೊತ್ತಿಲ್ಲದವರೂ ಹಾಡಬಹುದು, ಕೇಳಿದ್ದನ್ನು ತಿರುಗಿ ಹೇಳಿದರಾಯಿತು. ಹೊಸದಾಗಿ ಮನೆಗೆ ಬಂದ ಸೊಸೆ ಆ ಊರಿನ ಪದಗಳನ್ನು ಕಲಿಯುತ್ತಿದ್ದದ್ದು ಹೀಗೆಯೇ.

ಕೋಲಾಟದಲ್ಲಿ ಲೆಕ್ಕ ಬೇರೆ. ಕುಣಿಯುವವನಿಗೆ ಉಸಿರು ಸಾಲದು. ತಾಳ ಹಿಡಿದ ಮುಂದಾಳು ನಡುವೆ ನಿಂತು ಪದ ಎತ್ತುತ್ತಾನೆ, ಸುತ್ತ ಕೋಲು ಬಡಿಯುವವರು ಸೊಲ್ಲನ್ನು ಚುಟುಕಾಗಿ ಹಿಂತಿರುಗಿಸುತ್ತಾರೆ. ಕೋಲಿನ ಪೆಟ್ಟು ಬೀಳುವ ಜಾಗದಲ್ಲಿ ಅಕ್ಷರ ಒತ್ತಿ ಬರುತ್ತದೆ. ಜಡೆ ಕೋಲಾಟದಲ್ಲಿ ಹಗ್ಗ ಹೆಣೆಯುತ್ತ ಬಿಚ್ಚುತ್ತ ಸಾಗುವಾಗ ಲಯ ಏರಿದಂತೆ ದನಿಯೂ ಏರಬೇಕು. ಮುಂದಾಳು ಶ್ರುತಿಯನ್ನು ಮೊದಲೇ ಎತ್ತರಕ್ಕೆ ಹಿಡಿದರೆ ಕೊನೆಗೆ ಎಲ್ಲರ ಕೊರಳೂ ಒಡೆಯುತ್ತದೆ. ಅನುಭವಿ ಮುಂದಾಳು ತಗ್ಗಿನಲ್ಲಿ ಶುರು ಮಾಡುವುದು ಈ ಕಾರಣಕ್ಕೆ.

ಹೊಸಕೋಟೆ, ದೇವನಹಳ್ಳಿಗಳ ಮೂಡಣ ಭಾಗ ಕನ್ನಡ ತೆಲುಗು ಬೆರೆತ ನೆಲ. ಕೈವಾರದ ತಾತಯ್ಯ ಎಂದೇ ಹೆಸರಾದ ನಾರೇಯಣ ಯತೀಂದ್ರರು ಎರಡೂ ನುಡಿಗಳಲ್ಲಿ ತತ್ವಪದ ಕಟ್ಟಿದವರು. ಮನೆಯಲ್ಲಿ ಕನ್ನಡ ಆಡುವ ಭಜನೆಯವರು ಆ ತೆಲುಗು ಪದಗಳನ್ನು ಒಂದಕ್ಷರ ತಪ್ಪದೆ ಹೇಳುತ್ತಾರೆ. ತತ್ವಪದದ ಮೇಳ ಚಿಕ್ಕದು. ತಂಬೂರಿ ಹಿಡಿದವನು, ತಾಳದವನು, ದಮ್ಮಡಿಯವನು, ಜೊತೆಗೆ ಇನ್ನೊಬ್ಬ. ಇಲ್ಲಿ ಹಿಮ್ಮೇಳ ಸಾಲನ್ನು ಕೂಗಿ ಹೇಳುವುದಿಲ್ಲ. ಮುಂದಾಳಿನ ದನಿಗಿಂತ ಅರೆಪಾಲು ತಗ್ಗಿನಲ್ಲಿ ಅವನ ಮಾತಿನ ಅಂಚನ್ನು ಸವರುತ್ತ ಬರುತ್ತದೆ. ಒಗಟಿನಂಥ ಸಾಲು ಬಂದಾಗ ಅದನ್ನು ಎರಡು ಮೂರು ಸಲ ತಿರುಗಿಸುವುದೂ ಉಂಟು. ಅರ್ಥ ಒಳಗಿಳಿಯಲು ಕೇಳುಗನಿಗೆ ಆ ಬಿಡುವು ಬೇಕು. ಇದಕ್ಕೆ ತೀರ ಎದುರು ಪಂಢರಿ ಭಜನೆ. ಅಲ್ಲಿ ಗೆಜ್ಜೆ ಕಟ್ಟಿ, ತಾಳ ಹಿಡಿದು, ಸಾಲಾಗಿ ಹೆಜ್ಜೆ ಹಾಕುವ ದೊಡ್ಡ ಗುಂಪು. ಏಕಾದಶಿ, ರಾಮನವಮಿ, ಜಾತ್ರೆಗಳಲ್ಲಿ ಇಡೀ ಬೀದಿ ಹಿಮ್ಮೇಳವಾಗುತ್ತದೆ.

ಮೂಡಲಪಾಯ ಬಯಲಾಟದ ಹಿಮ್ಮೇಳ ಇನ್ನೂ ಜಟಿಲ. ಭಾಗವತನ ಜೊತೆ ಮದ್ದಳೆ, ತಾಳ, ಮುಖವೀಣೆ. ಭಾಗವತ ಪದ ಎತ್ತಿದ ಮೇಲೆ ಹಿಂದಿನವರು ಅದನ್ನು ತಾರಕದಲ್ಲಿ ಹಿಡಿದು ವೇಷದವನ ಕುಣಿತ ಮುಗಿಯುವ ತನಕ ಎಳೆಯುತ್ತಾರೆ. ಮೈಕು ಇಲ್ಲದ ಕಾಲದಲ್ಲಿ ಬಯಲಿನ ಕೊನೆಯ ಸಾಲಿನವರೆಗೆ ಪದ ಮುಟ್ಟಿಸಬೇಕಿದ್ದದ್ದು ಈ ಕೊರಳುಗಳೇ. ಜೀ.ಶಂ. ಪರಮಶಿವಯ್ಯನವರು ಈ ಆಟವನ್ನು ವಿದ್ವಾಂಸರ ಗಮನಕ್ಕೆ ತಂದು ಅದಕ್ಕಾಗಿ ಜೀವ ಸವೆಸಿದರು. ಕೋಲಾರದ ಕಡೆಗೆ ಹೊರಳಿದರೆ ಇದೇ ಬಳಗದ ಕೇಳಿಕೆ ಸಿಗುತ್ತದೆ.

ರಾಜ್ಯದ ಬೇರೆ ಕಡೆ ಜೋಡಿಯ ನಿಯಮ ಇನ್ನೂ ಬಿಗಿಯಾಗಿದೆ. ಕೊಡಗಿನ ಬಾಳೋಪಾಟಿನಲ್ಲಿ ದುಡಿ ಹಿಡಿದ ನಾಲ್ವರು. ಇಬ್ಬರು ಹಾಡಿದ್ದನ್ನು ಇನ್ನಿಬ್ಬರು ಹಿಂತಿರುಗಿಸುತ್ತಾರೆ. ನಡಿಕೇರಿಯಂಡ ಚಿಣ್ಣಪ್ಪನವರು 1924ರಲ್ಲಿ ಕನ್ನಡ ಲಿಪಿಯಲ್ಲಿ ಅಚ್ಚು ಹಾಕಿಸಿದ ‘ಪಟ್ಟೋಲೆ ಪಳಮೆ’ಯ ಹಾಡುಗಳು ಬದುಕಿ ಬಂದದ್ದು ಈ ನಾಲ್ಕು ಕೊರಳುಗಳ ಮೇಲೆ. ಮಲೆನಾಡಿನಲ್ಲಿ ದೀಪಾವಳಿಯ ರಾತ್ರಿ ದೀಪ ಹೊತ್ತು ಮನೆಮನೆಗೆ ಬರುವ ಅಂಟಿಕೆ ಪಂಟಿಕೆಯವರದೂ ಜೋಡಿಯ ಹಾಡಿಕೆ. ಉತ್ತರ ಕರ್ನಾಟಕದ ಗೀಗೀ ಮೇಳದಲ್ಲಿ ಮುಂದಾಳು ಸಾಲಿನ ಕೊನೆಗೆ ಬರುತ್ತಿದ್ದಂತೆ ಹಿಮ್ಮೇಳ ತುಂತುಣಿಯ ಜೊತೆ ತಾರಕಕ್ಕೆ ಜಿಗಿಯುತ್ತದೆ. ಆ ಜಿಗಿತಕ್ಕಾಗಿಯೇ ಜನ ಕಾದು ಕೂರುತ್ತಾರೆ. ಹಾಲಕ್ಕಿ ಸಮುದಾಯದ ಹಾಡುಗಾರ್ತಿ, ಅಂಕೋಲೆಯ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರವರಿಯಲ್ಲಿ ಅವರು ತೀರಿಕೊಂಡಾಗ ಪತ್ರಿಕೆಗಳು ಅವರನ್ನು ಹಾಲಕ್ಕಿಗಳ ಕೋಗಿಲೆ ಎಂದು ನೆನೆದವು. ಅವರು ಹಾಡುತ್ತಿದ್ದದ್ದು ಮಾತ್ರ ಹಾಲಕ್ಕಿ ಹೆಂಗಸರ ಗುಂಪಿನೊಂದಿಗೆ. ಕೋಗಿಲೆಯ ಜೊತೆ ದನಿಗೂಡಿಸಿದವರ ಹೆಸರು ಸುದ್ದಿಯಲ್ಲಿ ಇರಲಿಲ್ಲವೆಂಬುದು ಸುಕ್ರಜ್ಜಿಯ ತಪ್ಪಲ್ಲ. ಹಾಡೆಂದರೆ ಒಬ್ಬರದೆಂದು ನಂಬುವ ನಮ್ಮ ಕಾಲದ ಕಣ್ಣೇ ಹಾಗಿದೆ.

ಪಾಶ್ಚಾತ್ಯ ರೀತಿಯ ನಾಲ್ಕೆಳೆಯ ಹಾಡಿಕೆ ಕನ್ನಡಕ್ಕೆ ಬಾರದೇ ಉಳಿದಿದೆಯೇ? ಅದೂ ಬಂದು ಬಹಳ ಕಾಲವಾಯಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಜರ್ಮನ್ ಧಾಟಿಗಳಿಗೆ ಕನ್ನಡ ಮಾತು ಹೊಂದಿಸಿ ಸ್ತುತಿಗೀತೆಗಳನ್ನು ಕಟ್ಟಿಸಿದರು. ಬೆಂಗಳೂರಿನಲ್ಲಿ 1904ರಲ್ಲಿ ಎದ್ದ ಹಡ್ಸನ್ ಸ್ಮಾರಕ ಚರ್ಚು ಕನ್ನಡ ಸಭೆಯದು. ಇಂಥ ಸಭೆಗಳ ಗಾಯಕವೃಂದಗಳಲ್ಲಿ ಕನ್ನಡದ ಮಾತು ಮೇಲಿನ ಹೆಣ್ಣುದನಿ, ಕೆಳಗಿನ ಹೆಣ್ಣುದನಿ, ಮೇಲಿನ ಗಂಡುದನಿ, ಮಂದ್ರದ ಗಂಡುದನಿ ಎಂದು ನಾಲ್ಕಾಗಿ ಹರಡಿಕೊಳ್ಳುತ್ತದೆ. ಕನ್ನಡದ ಹ್ರಸ್ವ ದೀರ್ಘಗಳು ಜರ್ಮನ್ ಧಾಟಿಯ ಒತ್ತುಗಳಿಗೆ ಒಗ್ಗದೆ ಇಕ್ಕಟ್ಟಾಗುವ ಕಡೆಗಳಿವೆ, ಅದ್ಭುತವಾಗಿ ಕೂಡಿಬರುವ ಕಡೆಗಳೂ ಇವೆ. ಅದೇ ಸ್ತುತಿಪುಸ್ತಕಗಳಲ್ಲಿ ದೇಶೀ ರಾಗಗಳ ಕೀರ್ತನೆಗಳೂ ಇದ್ದು ಅವನ್ನು ಎಲ್ಲರೂ ಒಂದೇ ಧಾಟಿಯಲ್ಲಿ ಹಾಡುತ್ತಾರೆ. ಒಂದೇ ಪ್ರಾರ್ಥನೆಯಲ್ಲಿ ಎರಡೂ ಪದ್ಧತಿ ಜಗಳವಿಲ್ಲದೆ ಬಾಳಿವೆ. ಕನ್ನಡ ಸಂಗೀತದ ಚರಿತ್ರೆ ಈ ಅನುಭವವನ್ನು ಚರ್ಚಿನ ಗೋಡೆಯೊಳಗೇ ಬಿಟ್ಟಿರುವುದು ದೊಡ್ಡ ಕೊರತೆ.

ಹಳ್ಳಿಗಳಿಗೆ ಎರಡನೆಯ ಸ್ವರ ಬಂದದ್ದು ಕೊರಳಿನಿಂದಲ್ಲ, ಪೆಟ್ಟಿಗೆಯಿಂದ. ಶಾಸ್ತ್ರೀಯ ಸಂಗೀತದ ಗಮಕಕ್ಕೆ ಒಗ್ಗದೆಂದು ಆಕಾಶವಾಣಿ 1940ರಿಂದ 1971ರವರೆಗೆ ಹೊರಗಿಟ್ಟ ಹಾರ್ಮೋನಿಯಂ ಈ ಸೀಮೆಯ ಪೌರಾಣಿಕ ನಾಟಕಗಳಲ್ಲಿ ಪಟ್ಟದ ವಾದ್ಯವಾಯಿತು. ದೊಡ್ಡಬಳ್ಳಾಪುರ, ನೆಲಮಂಗಲದ ಹಳ್ಳಿಗಳಲ್ಲಿ ಇವತ್ತಿಗೂ ‘ಕುರುಕ್ಷೇತ್ರ’ ನಾಟಕವೆಂದರೆ ಊರಹಬ್ಬ. ರೈತರೇ ಕೈಯಿಂದ ಹಣ ಹಾಕಿ ಪಾತ್ರ ಮಾಡುತ್ತಾರೆ. ತಿಂಗಳುಗಟ್ಟಲೆ ಕಲಿಸುವವರು ಹಾರ್ಮೋನಿಯಂ ಮೇಷ್ಟ್ರು. ಕಂದಪದ್ಯದಲ್ಲಿ ನಟ ಉಸ್ಸೆಂದು ನಿಂತಾಗ ಸಂದು ತುಂಬುವುದು ಮೇಷ್ಟ್ರ ಬೆರಳು. ಬಯಲಾಟದಲ್ಲಿ ನಾಲ್ಕು ಕೊರಳು ಮಾಡುತ್ತಿದ್ದ ಕೆಲಸವನ್ನು ಎರಡು ಕೈ ಮಾಡತೊಡಗಿದವು. ನಾಟಕದ ಭೀಮ, ದುರ್ಯೋಧನರು ಒಂಟಿ ಗಾಯಕರಾದರು. ಆಮೇಲೆ ಬಂದದ್ದು ಎಲೆಕ್ಟ್ರಾನಿಕ್ ಕೀಬೋರ್ಡು. ಒಂದು ಗುಂಡಿ ಒತ್ತಿದರೆ ಮೂರು ಸ್ವರ ಒಟ್ಟಿಗೆ ಬರುತ್ತವೆ. ಜಾತ್ರೆಯ ರಸಮಂಜರಿಯಲ್ಲಿ ಮಾದೇಶ್ವರನ ಪದವನ್ನೂ ಅದರ ಮೇಲೆ ಕೂರಿಸಿ ಹಾಡುವುದು ಮಾಮೂಲಾಯಿತು. ತಂಬೂರಿಯ ಶ್ರುತಿಯ ಮೇಲೆ ಬೆಳೆದ ಧಾಟಿಗೆ ಆ ಮೂರು ಸ್ವರಗಳ ಚೌಕಟ್ಟು ಹೊಂದುವುದಿಲ್ಲ. ಪದದ ಗಾಂಧಾರ ಸ್ವಲ್ಪ ಇಳಿದು ನಿಲ್ಲುವ ಕಡೆ ಕೀಬೋರ್ಡಿನ ಗಾಂಧಾರ ಬಿರುಸಾಗಿ ಮೇಲೆ ನಿಂತಿರುತ್ತದೆ. ಹಾಡುಗಾರ ವಾದ್ಯಕ್ಕೆ ಬಗ್ಗುತ್ತಾನೆ, ಧಾಟಿ ತನ್ನ ಬಾಗನ್ನು ಕಳೆದುಕೊಳ್ಳುತ್ತದೆ.

ಹಳ್ಳಿಯ ಧಾಟಿಗೂ ಹೊರಗಿನ ಸ್ವರಕ್ಕೂ ಬೆಸುಗೆಯನ್ನು ಚೆನ್ನಾಗಿ ಮಾಡಿದವರೂ ಇದ್ದಾರೆ. ಬಿ.ವಿ. ಕಾರಂತರು ರಂಗದ ಮೇಳವನ್ನು ಕಟ್ಟಿದ್ದು ಬಯಲಾಟದ ಹಿಮ್ಮೇಳದ ತಿಳಿವಿನಿಂದ. ಅವರ ಮೇಳ ಕಥೆ ಹೇಳುತ್ತದೆ, ಕೆಣಕುತ್ತದೆ, ಸದ್ದು ಮಾಡುತ್ತದೆ, ಪಾತ್ರದ ಮಾತನ್ನು ಅರ್ಧಕ್ಕೆ ಹಿಡಿದು ಹಾಡಾಗಿಸುತ್ತದೆ. ಅವರು ತಂದ ಹೊರಗಿನ ಸ್ವರಗಳು ಈ ಕೆಲಸದೊಳಗೆ ಬಂದವಾದ್ದರಿಂದ ಅನ್ಯವೆನಿಸಲಿಲ್ಲ. ಸಿ. ಅಶ್ವಥ್ ಅವರಿಗೂ ಗುಂಪಿನ ಕೊರಳಿನ ಮೇಲೆ ಅಪಾರ ಪ್ರೀತಿ. 2005ರಲ್ಲಿ ಬೆಂಗಳೂರಿನ ಅರಮನೆ ಮೈದಾನದ ‘ಕನ್ನಡವೇ ಸತ್ಯ’ ಕಾರ್ಯಕ್ರಮದಲ್ಲಿ ಅವರು ಸೇರಿದ ಜನಸಾಗರವನ್ನೇ ಹಿಮ್ಮೇಳ ಮಾಡಿಕೊಂಡರು. ಈಚಿನವರಲ್ಲಿ ರಘು ದೀಕ್ಷಿತರ ತಂಡ ಶಿಶುನಾಳ ಷರೀಫರ ಪದಗಳಿಗೆ ಪಾಶ್ಚಾತ್ಯ ಜೋಡಿದನಿಗಳನ್ನು ಹೆಣೆದು ದೇಶವಿದೇಶ ಸುತ್ತಿದೆ. ಹೊಸ ತಲೆಮಾರು ಷರೀಫರ ಬಳಿ ಬಂದದ್ದು ಆ ದಾರಿಯಿಂದಲೂ ಹೌದು. ಆದರೆ ಹಳ್ಳಿಯ ಮೇಳದಲ್ಲಿ ಎರಡನೆಯ ದನಿ ಪದದ ಅರ್ಧ ಭಾರ ಹೊರುತ್ತದೆ. ಅದನ್ನು ತೆಗೆದರೆ ಪದ ನಡೆಯುವುದೇ ಇಲ್ಲ. ಅಲಂಕಾರಕ್ಕೆ ಸೇರಿಸಿದ ದನಿಗೂ ಭಾರ ಹೊರುವ ದನಿಗೂ ಇರುವ ಈ ವ್ಯತ್ಯಾಸ ಕೇಳಿದವರಿಗೆ ಕೂಡಲೇ ತಿಳಿಯುತ್ತದೆ.

ಭಾರ ಹೊರುವ ಆ ಕೊರಳು ಹೊಸ ಕಾಲದಲ್ಲಿ ಹೊಸ ಕೆಲಸ ಹಿಡಿದದ್ದು ಚಳವಳಿಗಳಲ್ಲಿ. ಮಾಗಡಿ ತಾಲ್ಲೂಕಿನ ಮಂಚನಬೆಲೆಯಲ್ಲಿ 1954ರಲ್ಲಿ ಹುಟ್ಟಿದ ಸಿದ್ಧಲಿಂಗಯ್ಯನವರ ಕವಿತೆಗಳು ದಲಿತ ಸಂಘರ್ಷ ಸಮಿತಿಯ ಸಭೆಗಳಲ್ಲಿ ಹಾಡಾದಾಗ ಅವು ಹಿಡಿದದ್ದು ಹಿಮ್ಮೇಳದ ಹಳೆಯ ಹಾದಿಯನ್ನೇ. ಒಬ್ಬ ಸಾಲು ಎತ್ತುತ್ತಾನೆ, ತಮಟೆ ಬೀಳುತ್ತದೆ, ಸಭೆ ತಿರುಗಿ ಹೇಳುತ್ತದೆ. ಅಕ್ಷರ ಬಾರದವರಿಗೂ ಆ ಕವಿತೆ ಬಾಯಿಪಾಠವಾದದ್ದು ಹೀಗೆ. ದೇವನಹಳ್ಳಿಯ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ ರೈತರು 1,777 ಎಕರೆ ಭೂಸ್ವಾಧೀನದ ವಿರುದ್ಧ 2022ರಿಂದ ಮೂರು ವರ್ಷಕ್ಕೂ ಮೀರಿ ಧರಣಿ ಕೂತರು. 2025ರ ಜುಲೈ 15ರಂದು ಸರ್ಕಾರ ಆ ಸ್ವಾಧೀನವನ್ನು ಕೈಬಿಟ್ಟಿತು. ಇಷ್ಟು ದೀರ್ಘ ಧರಣಿ ಭಾಷಣದ ಬಲದಿಂದಲೇ ನಡೆಯುವಂಥದ್ದಲ್ಲ. ತಮಟೆ ಮತ್ತು ಹೋರಾಟದ ಹಾಡು ಈ ಸೀಮೆಯ ಧರಣಿಗಳಿಗೆ ಊಟ ನೀರಿನಷ್ಟೇ ಬೇಕಾದವು. ದೇವನಹಳ್ಳಿಗೆ ಹತ್ತಿರದ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆಯ ಹಿರಿಯ ಪಿಂಡಿಪಾಪನಹಳ್ಳಿ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಸಂದಿತು.

ಎಲ್ಲರೂ ಒಟ್ಟಿಗೆ ಹಾಡುವುದೆಲ್ಲ ಒಂದೇ ಬಗೆಯದಲ್ಲ ಎಂಬುದನ್ನೂ ಇಲ್ಲಿ ಹೇಳಬೇಕು. ಶಾಲೆಗಳಲ್ಲಿ ದಿನವೂ ನಾಡಗೀತೆ ಇದೆ. ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ 2 ನಿಮಿಷ 30 ಸೆಕೆಂಡಿನೊಳಗೆ ಹಾಡಬೇಕೆಂದು 2022ರಲ್ಲಿ ಸರ್ಕಾರ ನಿಗದಿ ಮಾಡಿತು. ನೂರಾರು ಮಕ್ಕಳು ಒಂದೇ ಗಳಿಗೆಯಲ್ಲಿ ಒಂದೇ ಸಾಲು ಹಾಡುವುದರಲ್ಲಿ ಒಂದು ಗಾಂಭೀರ್ಯವಿದೆ. ಆದರೆ ಅಲ್ಲಿ ಕೊಡುಕೊಳ್ಳುವಿಕೆಯಿಲ್ಲ, ಪಕ್ಕದವನ ದನಿಗೆ ಕಿವಿಗೊಟ್ಟು ತನ್ನ ದನಿ ಇಳಿಸುವ ಏರಿಸುವ ಅಭ್ಯಾಸವಿಲ್ಲ. ಮೇಳದಲ್ಲಿ ನಿಂತ ಹುಡುಗ ಮೊದಲು ಕಲಿಯುವುದೇ ಆ ಕಿವಿಯನ್ನು.

ಈ ಕಲಿಕೆಯೇ ಇಡೀ ಪ್ರಶ್ನೆಯ ತಿರುಳು. ತಂಬೂರಿ ಪದ, ಕಂಸಾಳೆ, ಬಯಲಾಟ, ಸೋಬಾನೆ, ಯಾವುದನ್ನು ತೆಗೆದುಕೊಂಡರೂ ಹೊಸಬ ಮೊದಲು ನಿಲ್ಲುವುದು ಹಿಂದೆ. ಮೊದಲು ಸೊಲ್ಲಿನ ಕೊನೆಯಕ್ಷರ, ಆಮೇಲೆ ಸೊಲ್ಲು, ಆಮೇಲೆ ಸಾಲು, ಹಲವು ವರ್ಷಗಳ ಮೇಲೆ ಕಥೆ. ಮಂಟೇಸ್ವಾಮಿ, ಮಾದೇಶ್ವರರಂಥ ರಾತ್ರಿಗಟ್ಟಲೆ ಸಾಗುವ ಕಾವ್ಯಗಳನ್ನು ಬರೆದುಕೊಂಡು ಬಾಯಿಪಾಠ ಮಾಡಿದವರಿಲ್ಲ. ಹಿಂದೆ ನಿಂತು ಸಾವಿರ ಸಲ ತಿರುಗಿಸಿ ಹೇಳಿ ಅವು ಮೈಗೂಡಿದವು. ಒಂದು ದಿನ ಮುಂದಾಳಿನ ದನಿ ಕಟ್ಟಿದಾಗ ಹಿಂದಿದ್ದವನು ಮುಂದೆ ಬರುತ್ತಾನೆ. ಟಿ.ವಿ.ಯ ಸ್ಪರ್ಧೆಗಳಲ್ಲಿ, ಸರ್ಕಾರದ ಉತ್ಸವಗಳ ಹತ್ತು ನಿಮಿಷದ ಪ್ರದರ್ಶನಗಳಲ್ಲಿ ಹಿಮ್ಮೇಳ ಸಣ್ಣದಾಗುತ್ತ, ಕೊನೆಗೆ ಮೊದಲೇ ಮುದ್ರಿಸಿಟ್ಟ ಸಂಗೀತವಾಗಿ ಕರಗುತ್ತಿದೆ. ಒಳ್ಳೆಯ ಕಂಠದ ಒಂಟಿ ಹಾಡುಗಾರರು ಅಲ್ಲಿಂದ ಬರುತ್ತಿದ್ದಾರೆ, ಅವರ ಪ್ರತಿಭೆ ನಿಜವಾದದ್ದು. ಆದರೆ ಅವರ ಹಿಂದೆ ನಿಂತು ಕಲಿಯುವವರು ಯಾರೂ ಇಲ್ಲ. ನಾಳಿನ ಮುಂದಾಳು ಎಲ್ಲಿಂದ ಬರಬೇಕು?

ಇದಕ್ಕೆ ಮಾಡಬಹುದಾದ ಕೆಲಸ ಕಷ್ಟದ್ದೇನಲ್ಲ, ಅದಕ್ಕೆ ಸಂಸ್ಥೆಗಳೂ ಇವೆ. ಎಚ್.ಎಲ್. ನಾಗೇಗೌಡರು 1979ರಲ್ಲಿ ಕರ್ನಾಟಕ ಜಾನಪದ ಪರಿಷತ್ತು ಕಟ್ಟಿದರು, 1994ರಲ್ಲಿ ರಾಮನಗರದ ಬಳಿ ಜಾನಪದ ಲೋಕ ತೆರೆಯಿತು. ಆಗ ಆ ಜಾಗ ಬೆಂಗಳೂರು ಗ್ರಾಮಾಂತರ ಜಿಲ್ಲೆಯಲ್ಲೇ ಇತ್ತು. 2007ರಲ್ಲಿ ರಾಮನಗರ ಬೇರೆ ಜಿಲ್ಲೆಯಾದ ಮೇಲೆ ಗ್ರಾಮಾಂತರಕ್ಕೆ ನಾಲ್ಕು ತಾಲ್ಲೂಕು ಉಳಿದವು, ಜಾನಪದ ಲೋಕ ಗಡಿಯಾಚೆ ಹೋಯಿತು. ಅಲ್ಲಿ ಸೇರಿರುವ ಧ್ವನಿ ಮತ್ತು ದೃಶ್ಯ ಮುದ್ರಣಗಳು ನಾಡಿನ ದೊಡ್ಡ ಆಸ್ತಿ. ಶಿಗ್ಗಾಂವಿ ತಾಲ್ಲೂಕಿನ ಗೊಟಗೋಡಿಯಲ್ಲಿ 2011ರಲ್ಲಿ ಜಾನಪದ ವಿಶ್ವವಿದ್ಯಾಲಯವೂ ಹುಟ್ಟಿತು. ಪದಗಳನ್ನು ಧ್ವನಿಮುದ್ರಿಸುವಾಗ ಮುಂದಾಳಿನ ಎದುರು ಒಂದೇ ಮೈಕು ಇಡುವ ಪದ್ಧತಿ ಮೊದಲು ನಿಲ್ಲಬೇಕು. ಹಿಮ್ಮೇಳದ ಪ್ರತಿಯೊಬ್ಬರ ದನಿಯನ್ನೂ ಬೇರೆ ಬೇರೆ ಎಳೆಯಾಗಿ ಹಿಡಿದಿಡಲು ಇವತ್ತಿನ ಸಣ್ಣ ಯಂತ್ರಗಳೇ ಸಾಕು. ಹಾಗೆ ಹಿಡಿದಾಗ ಮಾತ್ರ ಸೊಲ್ಲು ಯಾವ ಅಕ್ಷರದ ಮೇಲೆ ಕೈ ಬದಲಾಯಿತು, ಯಾರು ಯಾವ ಸ್ವರದಲ್ಲಿ ನಿಂತರು, ಯಾರು ಉಸಿರು ಬಿಟ್ಟಾಗ ಯಾರು ತುಂಬಿದರು ಎಂಬುದು ಕಲಿಯುವವರಿಗೆ ಕೇಳುತ್ತದೆ. ಪದದ ಪುಸ್ತಕ ಅಚ್ಚು ಹಾಕುವವರು ಸೊಲ್ಲಿನ ಜಾಗದಲ್ಲಿ ಚುಕ್ಕಿ ಇಡುವ ಬದಲು ಅದು ಮರಳಿ ಬಂದಷ್ಟೂ ಸಲ ಬರೆಯಲಿ, ಯಾರು ಹೇಳಿದರೆಂಬುದನ್ನು ಬದಿಯಲ್ಲಿ ಗುರುತಿಸಲಿ. ಪ್ರಶಸ್ತಿ, ಮಾಸಾಶನಗಳ ಪಟ್ಟಿ ಮಾಡುವ ಅಕಾಡೆಮಿ, ಇಲಾಖೆಗಳು ಮುಂದಾಳಿನ ಹೆಸರಿನ ಕೆಳಗೆ ಅವರ ಜೊತೆ ಮೂವತ್ತು ನಲವತ್ತು ವರ್ಷ ದನಿಗೂಡಿಸಿದವರನ್ನೂ ಸೇರಿಸಿಕೊಳ್ಳಲಿ. ಸೋಬಾನೆ ಬಲ್ಲ ಹಿರಿಯ ಹೆಂಗಸರು ಈ ನಾಲ್ಕು ತಾಲ್ಲೂಕುಗಳಲ್ಲಿ ಇನ್ನೂ ಇದ್ದಾರೆ. ಅವರನ್ನಷ್ಟೇ ಸ್ಟುಡಿಯೋಗೆ ಕರೆತರದೆ, ಅವರ ಎದುರು ಪಾಳಿಯಲ್ಲಿ ಕೂರುವ ಹೆಂಗಸರನ್ನೂ ಜೊತೆಗೆ ಕರೆತಂದು ಹಾಡಿಸಬೇಕು.